ಪಾತ್ ಸಾಲು ಎಲ್ಲಿ ಬರೆಯಬೇಕು? ಪ್ರೊಫೈಲ್, ಬ್ಯಾಶ್‌ಆರ್‌ಸಿ, ಝಡ್‌ಪ್ರೊಫೈಲ್, ಕ್ರಾನ್‌ಟ್ಯಾಬ್ ಹೋಲಿಕೆ

ಹೊಸ ಟೂಲ್ ಇನ್‌ಸ್ಟಾಲ್ ಮಾಡಿದಾಗ ಕೊನೆಯಲ್ಲಿ ಒಂದು ಸೂಚನೆ ಬರುತ್ತದೆ: ಈ ಫೋಲ್ಡರನ್ನು ನಿಮ್ಮ ಪಾತ್‌ಗೆ ಸೇರಿಸಿಕೊಳ್ಳಿ. ಪಾತ್ ಅಂದರೆ ಕಮಾಂಡ್‌ಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ. ಯಾವ ಫೈಲಿನಲ್ಲಿ ಸೇರಿಸಬೇಕು ಅನ್ನೋದು ಮಾತ್ರ ಸ್ಪಷ್ಟ ಇರುವುದಿಲ್ಲ. ಒಬ್ಬರು .ಬ್ಯಾಶ್‌ಆರ್‌ಸಿ ಅಂತಾರೆ, ಇನ್ನೊಬ್ಬರು .ಪ್ರೊಫೈಲ್ ಅಂತಾರೆ, ಮ್ಯಾಕ್ ಇಟ್ಟುಕೊಂಡವರು .ಝಡ್‌ಎಸ್‌ಎಚ್‌ಆರ್‌ಸಿ ಅಂತಾರೆ. ಕೊನೆಗೆ ಮೂರರಲ್ಲೂ ಹಾಕಿ, ಕೆಲಸ ಆದ ಕೂಡಲೇ ಮರೆತುಬಿಡುವವರೇ ಜಾಸ್ತಿ. ಆಮೇಲೆ ಅದೇ ಕಮಾಂಡ್ ಟರ್ಮಿನಲ್‌ನಲ್ಲಿ ಓಡುತ್ತದೆ, ಎಡಿಟರ್ ಒಳಗೆ ಓಡುವುದಿಲ್ಲ, ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನಾಗೇ ಓಡಿಸುವ ಕ್ರಾನ್‌ನಲ್ಲಂತೂ ಸದ್ದೇ ಇಲ್ಲ.

ಕೊಡಗಿನಲ್ಲಿ ಈ ಪ್ರಶ್ನೆ ನನಗೆ ಮೂರು ತರದ ಜನರಿಂದ ಬರುತ್ತದೆ. ಪೊನ್ನಂಪೇಟೆ, ಕುಶಾಲನಗರದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿಕೊಂಡಿರುತ್ತಾರೆ. ಬೆಂಗಳೂರಿನ ಕಂಪನಿ ಕೊಟ್ಟ ಮ್ಯಾಕ್ ಹಿಡಿದು ಮಡಿಕೇರಿ, ವಿರಾಜಪೇಟೆ ಕಡೆಯ ಮನೆಯಿಂದಲೇ ಕೆಲಸ ಮಾಡುವವರಿದ್ದಾರೆ. ಇನ್ನು ಕೆಲವರು ತೋಟದ ಆಫೀಸಿನಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟು ಮಳೆ ಲೆಕ್ಕ, ಪಂಪ್‌ಸೆಟ್ ಸಮಯ ಅಂತ ಏನಾದರೂ ಓಡಿಸುತ್ತಿರುತ್ತಾರೆ. ಮೂವರಿಗೂ ಒಂದೇ ಫೈಲಿನ ಹೆಸರು ಹೇಳಿದರೆ ಇಬ್ಬರಿಗೆ ತಪ್ಪು ಹೇಳಿದ ಹಾಗೆ.

ಅವಸರ ಇದ್ದವರಿಗೆ ನನ್ನ ಉತ್ತರ ಇಷ್ಟು. ಉಬುಂಟು, ಡೆಬಿಯನ್, ರಾಸ್ಪ್‌ಬೆರಿ ಪೈ ಆದರೆ .ಪ್ರೊಫೈಲ್. ಮ್ಯಾಕ್ ಆದರೆ .ಝಡ್‌ಪ್ರೊಫೈಲ್. ಕ್ರಾನ್‌ಗೆ ಅದರ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್ ಒಳಗೇ ಬರೆಯಬೇಕು. ಬರೀ ಒಂದೋ ಎರಡೋ ಪ್ರೋಗ್ರಾಂ ಆದರೆ ಪಾತ್ ಮುಟ್ಟಲೇಬೇಡಿ, ಲಿಂಕ್ ಹಾಕಿ ಸಾಕು. ಕಾರಣ ಬೇಕಿದ್ದವರು ಮುಂದೆ ಓದಿ.

ಓದುವ ಮುಂಚೆ ಒಂದು ವಿಷಯ. ಇಲ್ಲಿ ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಬೇರೆ ಪದದ ಜೊತೆ ಸೇರದೆ ಬರುವ ಪಾತ್, ಹೋಮ್ ಎರಡೂ ಪೂರ್ತಿ ದೊಡ್ಡಕ್ಷರ, ಬೇರೆ ಹೇಳದಿದ್ದರೆ ಉಳಿದದ್ದೆಲ್ಲ ಸಣ್ಣಕ್ಷರ. ಚುಕ್ಕಿ, ಕೋಲನ್, ಡಾಲರ್ ಗುರುತು ಇದ್ದ ಹಾಗೇ ಇರಲಿ.

ಶೆಲ್ ಹುಡುಕುವುದು ಹೇಗೆ

ಟರ್ಮಿನಲ್‌ನಲ್ಲಿ ನಿಮ್ಮ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ ಅಂದರೆ ಶೆಲ್. ನೀವು ಒಂದು ಕಮಾಂಡ್ ಹೆಸರು ಕೊಟ್ಟಾಗ ಶೆಲ್ ಪಾತ್‌ನಲ್ಲಿರುವ ಫೋಲ್ಡರ್‌ಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನೋಡುತ್ತದೆ. ಮೊದಲು ಎಲ್ಲಿ ಸಿಗುತ್ತದೋ ಅದನ್ನೇ ಓಡಿಸುತ್ತದೆ, ಮುಂದಕ್ಕೆ ನೋಡುವುದಿಲ್ಲ. ಫೋಲ್ಡರ್‌ಗಳ ಮಧ್ಯೆ ಕೋಲನ್ ಇರುತ್ತದೆ. 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಸ್ಟೀವ್ ಬೋರ್ನ್ ಬರೆದ ಶೆಲ್ ಬಂದಾಗಿನಿಂದ ಈ ಪದ್ಧತಿ ಹೀಗೇ ಇದೆ. ಬ್ಯಾಶ್ ಬಂದದ್ದು 1989ರಲ್ಲಿ, ಝಡ್‌ಶೆಲ್ 1990ರಲ್ಲಿ, ಫಿಶ್ 2005ರಲ್ಲಿ. ಎಲ್ಲವೂ ಹುಡುಕುವ ರೀತಿ ಒಂದೇ. ಬೇರೆ ಬೇರೆ ಆಗಿರುವುದು ಶುರುವಿನಲ್ಲಿ ಓದುವ ಫೈಲ್‌ಗಳು ಮಾತ್ರ, ಗೋಜಲು ಇರುವುದೂ ಅಲ್ಲೇ.

ಇನ್ನೊಂದು ಮಾತು ಮನಸ್ಸಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಪಾತ್ ಅನ್ನುವುದು ಇಡೀ ಕಂಪ್ಯೂಟರಿಗೆ ಒಂದೇ ಅಲ್ಲ. ಪ್ರತಿಯೊಂದು ಪ್ರೋಗ್ರಾಂ ತನ್ನನ್ನು ಶುರು ಮಾಡಿದ ಪ್ರೋಗ್ರಾಂನಿಂದ ಒಂದು ನಕಲು ಪಡೆಯುತ್ತದೆ. ಲಾಗಿನ್‌ನಿಂದ ಡೆಸ್ಕ್‌ಟಾಪ್‌ಗೆ, ಡೆಸ್ಕ್‌ಟಾಪ್‌ನಿಂದ ಟರ್ಮಿನಲ್‌ಗೆ, ಟರ್ಮಿನಲ್‌ನಿಂದ ನಿಮ್ಮ ಸ್ಕ್ರಿಪ್ಟ್‌ಗೆ ಅದು ಇಳಿದು ಬರುತ್ತದೆ. ಮೇಲಕ್ಕೆ ಹತ್ತುವುದಿಲ್ಲ. ಟರ್ಮಿನಲ್ ಒಳಗೆ ಬದಲಾಯಿಸಿದ್ದು ಡೆಸ್ಕ್‌ಟಾಪ್‌ನ ಐಕಾನ್ ಒತ್ತಿ ತೆರೆದ ಎಡಿಟರ್‌ಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಯಾವ ಫೈಲ್ ಅಂತ ಕೇಳುವ ಮೊದಲು, ಈ ಕಮಾಂಡನ್ನು ಶುರು ಮಾಡುವವರು ಯಾರು ಅಂತ ಕೇಳಿಕೊಳ್ಳಿ. ನೀವೇ ಟೈಪ್ ಮಾಡ್ತೀರಾ? ಎಡಿಟರ್ ಕರೆಯುತ್ತದಾ? ರಾತ್ರಿ ಕ್ರಾನ್ ಓಡಿಸುತ್ತದಾ? ಉತ್ತರ ಸಿಕ್ಕರೆ ಫೈಲ್ ತಾನಾಗೇ ಸಿಗುತ್ತದೆ.

.ಬ್ಯಾಶ್‌ಆರ್‌ಸಿ ಮತ್ತು .ಪ್ರೊಫೈಲ್

ಬ್ಯಾಶ್‌ಗೆ ಎರಡು ಮುಖ ಇವೆ. ಲಾಗಿನ್ ಶೆಲ್ ಆಗಿ, ಅಂದರೆ ಲಾಗಿನ್ ಆದಾಗಿನ ಮೊದಲ ಶೆಲ್‌ನಂತೆ ಶುರುವಾದರೆ ಮೊದಲು /ಇಟಿಸಿ/ಪ್ರೊಫೈಲ್ ಓದುತ್ತದೆ. ಆಮೇಲೆ ನಿಮ್ಮ ಹೋಮ್ ಫೋಲ್ಡರಿನಲ್ಲಿ .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್ ಈ ಮೂರನ್ನು ಇದೇ ಕ್ರಮದಲ್ಲಿ ಹುಡುಕಿ, ಮೊದಲು ಸಿಕ್ಕಿದ್ದನ್ನು ಮಾತ್ರ ಓದುತ್ತದೆ. ಲಾಗಿನ್ ಅಲ್ಲದ, ಬರೀ ಟರ್ಮಿನಲ್ ಕಿಟಕಿಯಾಗಿ ತೆರೆದುಕೊಂಡರೆ .ಬ್ಯಾಶ್‌ಆರ್‌ಸಿ ಓದುತ್ತದೆ. ಉಬುಂಟುವಿನಲ್ಲಿ ಟರ್ಮಿನಲ್ ತೆರೆದಾಗ ಆಗುವುದು ಈ ಎರಡನೆಯದು.

.ಬ್ಯಾಶ್‌ಆರ್‌ಸಿಯ ಅನುಕೂಲ ಏನು ಅಂದರೆ, ಬರೆದ ಕೂಡಲೇ ಫಲ ಕಾಣುತ್ತದೆ. ಹೊಸ ಟರ್ಮಿನಲ್ ತೆರೆದರೆ ಸಾಕು. ಅದಕ್ಕೇ ಎಲ್ಲರೂ ಅದನ್ನು ಹೇಳುವುದು. ಆದರೆ ಅದು ಟರ್ಮಿನಲ್‌ನಲ್ಲಿ ಕೂತು ಟೈಪ್ ಮಾಡುವವರ ಫೈಲ್. ಏಲಿಯಾಸ್ (ಕಮಾಂಡ್‌ಗೆ ಇಟ್ಟ ಅಡ್ಡಹೆಸರು), ಪ್ರಾಂಪ್ಟ್‌ನ ಬಣ್ಣ, ಹಿಸ್ಟರಿ ಗಾತ್ರ, ಇವಕ್ಕೆ ಅದು ಸರಿಯಾದ ಜಾಗ. ಉಬುಂಟು ಕೊಡುವ .ಬ್ಯಾಶ್‌ಆರ್‌ಸಿಯ ಮೇಲ್ಭಾಗ ಒಮ್ಮೆ ತೆರೆದು ನೋಡಿ. ಇಂಟರ್ಯಾಕ್ಟಿವ್ (ಯಾರಾದರೂ ಕೂತು ಟೈಪ್ ಮಾಡುವ ಶೆಲ್) ಅಲ್ಲದಿದ್ದರೆ ಇಲ್ಲಿಂದಲೇ ವಾಪಸ್ ಹೋಗು ಅನ್ನುವ ಕೆಲವು ಸಾಲುಗಳಿವೆ. ನೀವು ಫೈಲಿನ ಕೊನೆಯಲ್ಲಿ ಪಾತ್ ಬರೆದಿದ್ದರೆ, ದೂರದ ಮಶೀನಿಗೆ ಹೋಗುವ ಎಸ್‌ಎಸ್‌ಎಚ್ ಮೂಲಕ ಒಂದೇ ಒಂದು ಕಮಾಂಡ್ ಕಳಿಸಿದಾಗ ಅಲ್ಲಿಯವರೆಗೆ ಓದು ಬರುವುದೇ ಇಲ್ಲ. ಲಾಗಿನ್ ಆಗಿ ಓಡಿಸಿದರೆ ಸರಿ, ಹೊರಗಿನಿಂದ ಓಡಿಸಿದರೆ ಕಮಾಂಡ್ ಸಿಗಲಿಲ್ಲ ಅಂತ ಬರುತ್ತದಲ್ವಾ, ಅದರ ಹಿಂದೆ ಬಹಳ ಸಲ ಇದೇ ಇರುತ್ತದೆ.

.ಪ್ರೊಫೈಲ್ ಲಾಗಿನ್ ಆದಾಗ ಒಂದೇ ಸಲ ಓದುವ ಫೈಲ್. ಉಬುಂಟುವಿನ ಗ್ರಾಫಿಕಲ್ ಲಾಗಿನ್ ಕೂಡ ಇದನ್ನು ಓದುತ್ತದೆ. ಹಾಗಾಗಿ ಇಲ್ಲಿ ಬರೆದ ಪಾತ್ ಡೆಸ್ಕ್‌ಟಾಪ್‌ಗೆ, ಅಲ್ಲಿಂದ ಎಡಿಟರ್‌ಗೆ, ಟರ್ಮಿನಲ್‌ಗೆ ಎಲ್ಲದಕ್ಕೂ ಇಳಿಯುತ್ತದೆ. ಪಾತ್‌ಗೆ ನಾನು ಇದನ್ನೇ ಆರಿಸುತ್ತೇನೆ, ಎರಡು ಮಾತಿಲ್ಲ. ತೊಂದರೆ ಒಂದೇ, ಬದಲಾವಣೆ ಕಾಣಬೇಕಾದರೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಅಷ್ಟು ತಾಳ್ಮೆ ಇಲ್ಲದೆ ಜನ .ಬ್ಯಾಶ್‌ಆರ್‌ಸಿಗೆ ಹೋಗುತ್ತಾರೆ.

ಇನ್ನೊಂದು ಒಳ್ಳೆಯ ಸುದ್ದಿ. ಡೆಬಿಯನ್, ಉಬುಂಟು ಕೊಡುವ .ಪ್ರೊಫೈಲ್‌ನಲ್ಲಿ ಈಗಾಗಲೇ ಕೆಲಸ ಅರ್ಧ ಆಗಿದೆ. ಹೋಮ್ ಒಳಗೆ ಬಿನ್ ಅನ್ನುವ ಫೋಲ್ಡರ್ ಇದ್ದರೆ ಅದನ್ನೂ, .ಲೋಕಲ್/ಬಿನ್ ಇದ್ದರೆ ಅದನ್ನೂ ಪಾತ್‌ನ ಮುಂದಕ್ಕೆ ಸೇರಿಸು ಅಂತ ಅಲ್ಲೇ ಬರೆದಿದೆ. ಆದರೆ ಲಾಗಿನ್ ಆಗುವ ಹೊತ್ತಿಗೆ ಆ ಫೋಲ್ಡರ್ ಇರಬೇಕು. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಮೊದಲ ಸಲ .ಲೋಕಲ್/ಬಿನ್ ಸೃಷ್ಟಿಸಿ, ಇದು ಪಾತ್‌ನಲ್ಲಿ ಇಲ್ಲ ಅಂತ ಎಚ್ಚರಿಕೆ ಕೊಟ್ಟರೆ ಏನೂ ಬರೆಯಬೇಕಾಗಿಲ್ಲ. ಸುಮ್ನೆ ಲಾಗ್‌ಔಟ್ ಆಗಿ ಬನ್ನಿ.

.ಪ್ರೊಫೈಲ್‌ನಲ್ಲಿ ಬರೆಯುವಾಗ ಬ್ಯಾಶ್‌ಗೆ ಮಾತ್ರ ಗೊತ್ತಿರುವ ಬರವಣಿಗೆ ಬೇಡ. ಜೋಡಿ ಚೌಕ ಕಂಸ, ಅರೇ, ಕೂಡು ಮತ್ತು ಸಮ ಚಿಹ್ನೆ ಸೇರಿಸಿ ಬರೆಯುವುದು, ಇವೆಲ್ಲ ಹೊರಗಿರಲಿ. ಗ್ರಾಫಿಕಲ್ ಲಾಗಿನ್ ವೇಳೆ ಇದನ್ನು ಓದುವುದು ಡ್ಯಾಶ್ ಅನ್ನುವ ಸರಳ ಶೆಲ್ ಆಗಿರಬಹುದು. 2006ರ ಉಬುಂಟು 6.10ರಿಂದ /ಬಿನ್/ಎಸ್‌ಎಚ್ ಅಂದರೆ ಡ್ಯಾಶ್. ಅದಕ್ಕೆ ಬ್ಯಾಶ್‌ನ ಆಡುಮಾತು ಅರ್ಥ ಆಗುವುದಿಲ್ಲ.

ಇಲ್ಲೇ ಒಂದು ಹೊಂಡ ಇದೆ, ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ಇದು ಪದೇ ಪದೇ ಕಾಣುತ್ತದೆ. ಎಲ್ಲಾ ಚೆನ್ನಾಗಿ ನಡೆಯುತ್ತಿರುತ್ತದೆ. ಒಂದು ದಿನ ಯಾವುದೋ ಟೂಲ್‌ನ ಇನ್‌ಸ್ಟಾಲರ್ .ಬ್ಯಾಶ್_ಪ್ರೊಫೈಲ್ ಅನ್ನುವ ಹೊಸ ಫೈಲ್ ಸೃಷ್ಟಿಸಿ ಅದರಲ್ಲಿ ತನ್ನ ಒಂದು ಸಾಲು ಬರೆದು ಹೋಗುತ್ತದೆ. ಅವತ್ತಿನಿಂದ ಬ್ಯಾಶ್ ಲಾಗಿನ್ ಶೆಲ್ .ಪ್ರೊಫೈಲ್ ಕಡೆ ತಿರುಗಿಯೂ ನೋಡುವುದಿಲ್ಲ, ಯಾಕಂದರೆ ಮೊದಲು ಸಿಕ್ಕಿದ್ದು ಆ ಹೊಸ ಫೈಲ್. ಉಬುಂಟುವಿನ .ಪ್ರೊಫೈಲ್ ತಾನೇ .ಬ್ಯಾಶ್‌ಆರ್‌ಸಿಯನ್ನೂ ಓದಿಸುತ್ತದೆ. ಅದೂ ನಿಂತುಹೋಗುತ್ತದೆ. ಎಸ್‌ಎಸ್‌ಎಚ್ ಮಾಡಿ ಒಳಗೆ ಬಂದರೆ ಪ್ರಾಂಪ್ಟ್‌ನ ಬಣ್ಣ ಮಾಯ, ಏಲಿಯಾಸ್ ಮಾಯ, .ಲೋಕಲ್/ಬಿನ್ ಮಾಯ. ಡೆಸ್ಕ್‌ಟಾಪ್‌ನಲ್ಲಿ ಟರ್ಮಿನಲ್ ತೆರೆದರೆ ಬಹುಪಾಲು ಸರಿಯಾಗೇ ಕಾಣುತ್ತದೆ, ಅದರಿಂದ ತಲೆಬಿಸಿ ಇನ್ನೂ ಜಾಸ್ತಿ. ಎಲ್‌ಎಸ್ -ಎ ಕೊಟ್ಟು ಚುಕ್ಕಿ ಫೈಲ್‌ಗಳನ್ನು ನೋಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಪರಿಹಾರ ಸುಲಭ. ಆ ಒಂದು ಸಾಲನ್ನು .ಪ್ರೊಫೈಲ್‌ಗೆ ಸಾಗಿಸಿ .ಬ್ಯಾಶ್_ಪ್ರೊಫೈಲ್ ಅಳಿಸಿಬಿಡಿ. ಫೆಡೋರಾದಂತಹ ಕಡೆ .ಬ್ಯಾಶ್_ಪ್ರೊಫೈಲ್ ಮೊದಲಿನಿಂದಲೇ ಇರುತ್ತದೆ, ಅಲ್ಲಿ ಅದನ್ನೇ ಬಳಸಿ. ಎರಡನ್ನೂ ಒಟ್ಟಿಗೆ ಸಾಕಬೇಡಿ.

ಮ್ಯಾಕ್ ಮತ್ತು ಝಡ್‌ಶೆಲ್

2019ರಲ್ಲಿ ಬಂದ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಝಡ್‌ಶೆಲ್ ಡೀಫಾಲ್ಟ್. ಇದರ ಫೈಲ್‌ಗಳು ಬ್ಯಾಶ್‌ಗಿಂತ ಅಚ್ಚುಕಟ್ಟು. .ಝಡ್‌ಎಸ್‌ಎಚ್‌ಎನ್ವ್ ಪ್ರತಿ ಸಲವೂ ಓದುತ್ತದೆ, ಸ್ಕ್ರಿಪ್ಟ್ ಓಡಿದರೂ. .ಝಡ್‌ಪ್ರೊಫೈಲ್ ಲಾಗಿನ್ ಆದಾಗ. .ಝಡ್‌ಎಸ್‌ಎಚ್‌ಆರ್‌ಸಿ ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ. ಕಾಗದದ ಮೇಲೆ ನೋಡಿದರೆ ಪಾತ್‌ಗೆ .ಝಡ್‌ಎಸ್‌ಎಚ್‌ಎನ್ವ್ ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ. ಲಿನಕ್ಸ್‌ನಲ್ಲಿ ಹಾಗೆ ಮಾಡುವವರೂ ಇದ್ದಾರೆ.

ಮ್ಯಾಕ್‌ನಲ್ಲಿ ಮಾತ್ರ ಅದು ಕೈ ಕೊಡುತ್ತದೆ. ಅಲ್ಲಿ /ಇಟಿಸಿ/ಝಡ್‌ಪ್ರೊಫೈಲ್ ಅನ್ನುವ ಸಿಸ್ಟಮ್ ಫೈಲ್ ಪಾತ್_ಹೆಲ್ಪರ್ ಅನ್ನುವ ಸಣ್ಣ ಪ್ರೋಗ್ರಾಂ ಓಡಿಸುತ್ತದೆ. ಅದು /ಇಟಿಸಿ/ಪಾತ್ಸ್ ಫೈಲನ್ನೂ /ಇಟಿಸಿ/ಪಾತ್ಸ್.ಡಿ ಒಳಗಿನ ಫೈಲ್‌ಗಳನ್ನೂ ಓದಿ, ಅಲ್ಲಿರುವ ಫೋಲ್ಡರ್‌ಗಳನ್ನು ಮುಂದೆ ಇಟ್ಟು, ಉಳಿದದ್ದನ್ನೆಲ್ಲ ಹಿಂದಕ್ಕೆ ತಳ್ಳುತ್ತದೆ. .ಝಡ್‌ಎಸ್‌ಎಚ್‌ಎನ್ವ್ ಇದಕ್ಕಿಂತ ಮೊದಲು ಓದಿ ಮುಗಿದಿರುತ್ತದೆ. ಅಂದರೆ ನೀವು ಕಷ್ಟಪಟ್ಟು ಮುಂದೆ ಇಟ್ಟ ಫೋಲ್ಡರ್ ಕೊನೆಗೆ ಹೋಗಿ ಕೂರುತ್ತದೆ. ಟೂಲ್‌ಗಳನ್ನು ಇನ್‌ಸ್ಟಾಲ್ ಮಾಡುವ ಹೋಮ್‌ಬ್ರೂನಿಂದ ಹೊಸ ಗಿಟ್ ಹಾಕಿದರೂ ಹಳೆಯ ಗಿಟ್ಟೇ ಓಡುತ್ತಿದೆ ಅನ್ನುವ ದೂರಿಗೆ ಒಂದು ಕಾರಣ ಇದು. .ಝಡ್‌ಪ್ರೊಫೈಲ್ ಓದುವುದು ಪಾತ್_ಹೆಲ್ಪರ್ ಆದಮೇಲೆ. ಅದಕ್ಕೇ ಮ್ಯಾಕ್‌ಗೆ ನನ್ನ ಆಯ್ಕೆ ಅದು. ಆಪಲ್ ಚಿಪ್‌ನ ಮ್ಯಾಕ್‌ನಲ್ಲಿ ಹೋಮ್‌ಬ್ರೂ ಕೂರುವುದು /ಆಪ್ಟ್/ಹೋಮ್‌ಬ್ರೂ ಒಳಗೆ, ಇಂಟೆಲ್ ಮ್ಯಾಕ್‌ನಲ್ಲಿ /ಯುಎಸ್‌ಆರ್/ಲೋಕಲ್ ಒಳಗೆ. ಹಳೆಯ ಮ್ಯಾಕ್‌ನಿಂದ ಚುಕ್ಕಿ ಫೈಲ್‌ಗಳನ್ನು ನಕಲು ಮಾಡಿ ತಂದವರು ಈ ಒಂದು ಸಾಲನ್ನು ತಪ್ಪದೆ ನೋಡಿಕೊಳ್ಳಿ.

ಮ್ಯಾಕ್‌ನ ಟರ್ಮಿನಲ್ ಆ್ಯಪ್ ಪ್ರತಿ ಕಿಟಕಿಯನ್ನೂ ಲಾಗಿನ್ ಶೆಲ್ ಆಗಿಯೇ ತೆರೆಯುತ್ತದೆ. ಹಾಗಾಗಿ ಬದಲಾವಣೆ ನೋಡಲು ಲಾಗ್‌ಔಟ್ ಆಗಬೇಕಾಗಿಲ್ಲ, ಹೊಸ ಕಿಟಕಿ ಸಾಕು.

ಉಬುಂಟುವಿನಲ್ಲಿ ಝಡ್‌ಶೆಲ್‌ಗೆ ಬದಲಾಯಿಸಿಕೊಂಡವರು ಒಂದು ಗಮನಿಸಿ. ಝಡ್‌ಶೆಲ್ .ಪ್ರೊಫೈಲ್ ಓದುವುದಿಲ್ಲ. ಎರಡು ಕಡೆ ಎರಡು ಪಟ್ಟಿ ಇಟ್ಟುಕೊಳ್ಳುವ ಬದಲು, .ಝಡ್‌ಪ್ರೊಫೈಲ್‌ನಲ್ಲಿ ಒಂದೇ ಸಾಲು ಬರೆದು .ಪ್ರೊಫೈಲ್ ಅನ್ನೇ ಓದಿಸಿ:

ಎಮ್ಯುಲೇಟ್ ಎಸ್‌ಎಚ್ -ಸಿ '. ~/.ಪ್ರೊಫೈಲ್'

ಫಿಶ್ ಬಳಸುವವರಿಗೆ ಇಷ್ಟೆಲ್ಲ ಚಿಂತೆ ಇಲ್ಲ. 2021ರ 3.2 ಆವೃತ್ತಿಯಿಂದ ಫಿಶ್_ಆ್ಯಡ್_ಪಾತ್ ಅನ್ನುವ ಕಮಾಂಡ್ ಇದೆ. ಒಂದು ಸಲ ಓಡಿಸಿದರೆ ನೆನಪಿಟ್ಟುಕೊಳ್ಳುತ್ತದೆ, ಎರಡೆರಡು ಸಲ ಸೇರಿಸುವುದೂ ಇಲ್ಲ.

ಟೀಮಕ್ಸ್ ಮತ್ತು ಬೆಳೆಯುವ ಪಾತ್

ಮಳೆಗಾಲದಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುವ ಊರು ನಮ್ಮದು. ಕರೆಂಟ್ ಹೋದರೆ ರೂಟರ್ ಕೂಡ ಹೋಯಿತು. ದೂರದ ಸರ್ವರ್‌ನಲ್ಲಿ ಕೆಲಸ ಮಾಡುವವರು ಟೀಮಕ್ಸ್ ಬಳಸುವುದು ಅದಕ್ಕೇ, ಸಂಪರ್ಕ ಕಡಿದರೂ ಕೆಲಸ ಅಲ್ಲಿ ನಡೆಯುತ್ತಿರುತ್ತದೆ. ಆದರೆ ಟೀಮಕ್ಸ್ ತೆರೆಯುವ ಪ್ರತಿ ಕಿಟಕಿಯೂ ಬೇರೆ ಹೇಳದಿದ್ದರೆ ಲಾಗಿನ್ ಶೆಲ್. ಮೊದಲೇ ಪಾತ್ ಸಿದ್ಧವಾಗಿರುವ ಜಾಗದಲ್ಲಿ .ಪ್ರೊಫೈಲ್ ಮತ್ತೆ ಓದುತ್ತದೆ, ಅದೇ ಫೋಲ್ಡರ್ ಮತ್ತೊಮ್ಮೆ ಸೇರುತ್ತದೆ. ಇದರಿಂದ ಕೆಲಸ ಕೆಡುವುದಿಲ್ಲ. ಆದರೆ ಏನಾದರೂ ತಪ್ಪಾದ ದಿನ ಆ ಉದ್ದದ ಸಾಲನ್ನು ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ.

ಝಡ್‌ಶೆಲ್‌ನಲ್ಲಿ ಇದಕ್ಕೆ ಒಂದೇ ಸಾಲಿನ ಮದ್ದು ಇದೆ: ಟೈಪ್‌ಸೆಟ್ -ಯು ಪಾತ್. ಇಲ್ಲಿ ಯು ದೊಡ್ಡಕ್ಷರ, ಪಾತ್ ಸಣ್ಣಕ್ಷರ. ಝಡ್‌ಶೆಲ್‌ನಲ್ಲಿ ಸಣ್ಣಕ್ಷರದ ಪಾತ್ ಒಂದು ಅರೇ, ದೊಡ್ಡಕ್ಷರದ ಪಾತ್ ಜೊತೆ ಅದು ಕಟ್ಟಿಕೊಂಡಿರುತ್ತದೆ. ಒಂದನ್ನು ಬದಲಾಯಿಸಿದರೆ ಇನ್ನೊಂದೂ ಬದಲಾಗುತ್ತದೆ. ಬ್ಯಾಶ್, ಡ್ಯಾಶ್ ಎರಡಕ್ಕೂ ಹೊಂದುವ ಹಾಗೆ .ಪ್ರೊಫೈಲ್‌ನಲ್ಲಿ ಬರೆಯಬೇಕಾದರೆ ಹೀಗೆ:

ಕೇಸ್ ":$ಪಾತ್:" ಇನ್
*":$ಹೋಮ್/.ಲೋಕಲ್/ಬಿನ್:"*) ;;
*) ಪಾತ್="$ಹೋಮ್/.ಲೋಕಲ್/ಬಿನ್:$ಪಾತ್" ;;
ಈಸ್ಯಾಕ್
ಎಕ್ಸ್‌ಪೋರ್ಟ್ ಪಾತ್

ಈಸ್ಯಾಕ್ ಅಂದರೆ ಕೇಸ್ ಪದದ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಬರೆದದ್ದು. ಮೊದಲ ಸಾಲಿನಲ್ಲಿ ಪಾತ್‌ನ ಎರಡೂ ತುದಿಗೆ ಕೋಲನ್ ಹಾಕಿರುವುದು ನೋಡಿ. ಅದರಿಂದ ಪಟ್ಟಿಯ ಮೊದಲನೆಯದು, ಕೊನೆಯದು ಕೂಡ ಸರಿಯಾಗಿ ಹೊಂದುತ್ತವೆ. ಬಿನ್ ಹುಡುಕುವಾಗ ಬಿನ್2 ಸಿಕ್ಕಿ ಮೋಸ ಹೋಗುವುದೂ ಇಲ್ಲ. ಅಲೆ ಗುರುತಿನ (~) ಬದಲು $ಹೋಮ್ ಬಳಸಿದ್ದಕ್ಕೂ ಕಾರಣ ಇದೆ. ಜೋಡಿ ಉದ್ಧರಣ ಚಿಹ್ನೆಯ ಒಳಗೆ ಅಲೆ ಗುರುತು ಬಿಡಿಸಿಕೊಳ್ಳುವುದಿಲ್ಲ, ಅಲೆಯಾಗೇ ಉಳಿಯುತ್ತದೆ.

ಕ್ರಾನ್: ಮಳೆ ಲೆಕ್ಕ ಖಾಲಿ ಬಂದಾಗ

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ತೋಟದವರಿಗೆ ಹೆಚ್ಚು ತೊಂದರೆ ಕೊಡುವುದು ಇದೇ.

ನಮ್ಮಲ್ಲಿ ಮಳೆ ಬರೆಯುವುದು ಇಂಚು, ಸೆಂಟ್ ಲೆಕ್ಕದಲ್ಲಿ. ನೂರು ಸೆಂಟ್ ಅಂದರೆ ಒಂದು ಇಂಚು. ಬೆಳಿಗ್ಗೆ ತೋಟದ ರೈಟರ್ (ಗುಮಾಸ್ತ) ಮಳೆಮಾಪಕ ನೋಡಿ ಅಂಕಿ ಹಾಕುತ್ತಾರೆ. ಅದು ಪೈ ಮೇಲಿನ ಒಂದು ಸಿಎಸ್‌ವಿ ಫೈಲಿಗೆ ಹೋಗುತ್ತದೆ. ಮಳೆ ಅನ್ನುವ ಸಣ್ಣ ಶೆಲ್ ಸ್ಕ್ರಿಪ್ಟ್ ಆ ಫೈಲ್ ಓದಿ, ತಿಂಗಳ ಮೊತ್ತ ಹಾಕಿ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಾಲೀಕರಿಗೆ ಒಂದು ಮೆಸೇಜ್ ಕಳಿಸುತ್ತದೆ. ಮೊತ್ತ ಹಾಕಲು ಸಿಎಸ್‌ವಿಕಿಟ್‌ನ ಸಿಎಸ್‌ವಿಸ್ಟ್ಯಾಟ್ ಕಮಾಂಡ್ ಬಳಸಿದೆ ಅಂತಿಟ್ಟುಕೊಳ್ಳಿ. ಅದನ್ನು ಪಿಪ್‌ಎಕ್ಸ್‌ನಿಂದ ಹಾಕಿದ್ದರಿಂದ ಅದು ಕೂತಿರುವುದು .ಲೋಕಲ್/ಬಿನ್ ಒಳಗೆ. ಕೈಯಲ್ಲಿ ಓಡಿಸಿದರೆ ಎಲ್ಲ ಸರಿ. ಕ್ರಾನ್‌ಗೆ ಹಾಕಿದ ಮಾರನೇ ದಿನ ಬರುವ ಮೆಸೇಜಿನಲ್ಲಿ ಒಟ್ಟು ಮಳೆ ಅಂತ ಇರುತ್ತದೆ, ಮುಂದೆ ಅಂಕಿ ಇರುವುದಿಲ್ಲ.

ಕ್ರಾನ್ .ಪ್ರೊಫೈಲ್ ಓದುವುದಿಲ್ಲ, .ಬ್ಯಾಶ್‌ಆರ್‌ಸಿಯೂ ಓದುವುದಿಲ್ಲ. ಅದು ಕೊಡುವ ಪಾತ್ ಸಾಮಾನ್ಯವಾಗಿ /ಯುಎಸ್‌ಆರ್/ಬಿನ್ ಮತ್ತು /ಬಿನ್, ಅಷ್ಟೇ. ಸಿಎಸ್‌ವಿಸ್ಟ್ಯಾಟ್ ಸಿಗದೆ 127 ಅನ್ನುವ ಸಂಕೇತ ವಾಪಸ್ ಬಂತು, ಸ್ಕ್ರಿಪ್ಟ್ ಅದನ್ನು ಗಮನಿಸದೆ ಖಾಲಿ ಮೊತ್ತದ ಜೊತೆ ಮುಂದುವರಿಯಿತು. ಕಮಾಂಡ್ ಸಿಗಲಿಲ್ಲ ಅನ್ನುವ ಸಾಲನ್ನು ಕ್ರಾನ್ ಮೇಲ್ ಮಾಡಲು ನೋಡುತ್ತದೆ. ಪೈನಲ್ಲಿ ಮೇಲ್ ಪ್ರೋಗ್ರಾಂ ಇರದಿದ್ದರೆ ಆ ಔಟ್‌ಪುಟ್ ಎಸೆದುಬಿಡುತ್ತದೆ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೀಗಾದರೆ ಅದು ಚಿಕ್ಕ ವಿಷಯ ಅಲ್ಲ. ಹೂಮಳೆ ಸಾಕಾಯಿತಾ, ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕಾ ಅನ್ನುವ ತೀರ್ಮಾನ ಆ ಅಂಕಿಯ ಮೇಲೆ ನಿಂತಿರುತ್ತದೆ.

ದಾರಿಗಳು ಮೂರು. ಸ್ಕ್ರಿಪ್ಟ್ ಒಳಗೆ ಸಿಎಸ್‌ವಿಸ್ಟ್ಯಾಟ್‌ನ ಪೂರ್ತಿ ವಿಳಾಸ ಬರೆಯುವುದು ಒಂದು. ಒಂದೇ ಕಮಾಂಡ್ ಇದ್ದರೆ ಇದಕ್ಕಿಂತ ಗಟ್ಟಿ ದಾರಿ ಇಲ್ಲ. ಎರಡನೆಯದು ಕ್ರಾನ್‌ಟ್ಯಾಬ್‌ನ ಮೊದಲ ಸಾಲಿನಲ್ಲೇ ಪಾತ್ ಬರೆಯುವುದು:

ಪಾತ್=/ಹೋಮ್/ತೋಟ/.ಲೋಕಲ್/ಬಿನ್:/ಯುಎಸ್‌ಆರ್/ಬಿನ್:/ಬಿನ್

ತೋಟ ಅನ್ನುವುದು ಇಲ್ಲಿ ಪೈನ ಯೂಸರ್ ಹೆಸರು, ಈ ವಿಳಾಸದಲ್ಲಿ ಬರುವ ಹೋಮ್ ಸಣ್ಣಕ್ಷರ. ಕ್ರಾನ್‌ಟ್ಯಾಬ್ ಶೆಲ್ ಅಲ್ಲ, ಆದ್ದರಿಂದ ಈ ಸಾಲಿನಲ್ಲಿ $ಹೋಮ್, $ಪಾತ್ ಬರೆದರೆ ಬಿಡಿಸಿಕೊಳ್ಳುವುದಿಲ್ಲ. ಪೂರ್ತಿ ವಿಳಾಸವನ್ನೇ ಬರೆಯಬೇಕು. ಮೂರನೆಯದು ಬ್ಯಾಶ್ -ಎಲ್‌ಸಿ ಅಂತ ಲಾಗಿನ್ ಶೆಲ್ ಒಳಗೆ ಸ್ಕ್ರಿಪ್ಟ್ ಓಡಿಸುವುದು. ಬಹಳ ಜನ ಇದನ್ನು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ನೀವು ಮುಂದೆ ಯಾವತ್ತೋ .ಪ್ರೊಫೈಲ್‌ನಲ್ಲಿ ಮಾಡುವ ಬದಲಾವಣೆ ಮಳೆ ಲೆಕ್ಕವನ್ನು ಕೆಡಿಸುವ ಹಾಗಾಗುತ್ತದೆ. ಯಾರೂ ನೋಡದೆ ಓಡುವ ಕೆಲಸಕ್ಕೆ ಬೇಕಾದದ್ದೆಲ್ಲ ಅದರ ಪಕ್ಕದಲ್ಲೇ ಬರೆದಿರಬೇಕು. ಎರಡನೆಯದನ್ನೇ ಆರಿಸಿ, ಜೊತೆಗೆ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದು ಲಾಗ್ ಫೈಲಿಗೆ ತಿರುಗಿಸಿ.

ಕ್ರಾನ್‌ಗೆ ಹಾಕುವ ಮೊದಲೇ ಪರೀಕ್ಷಿಸಬಹುದು. ಕ್ರಾನ್‌ನಷ್ಟೇ ಬಡ ಪಾತ್ ಕೊಟ್ಟು ಸ್ಕ್ರಿಪ್ಟ್ ಓಡಿಸಿ ನೋಡಿ:

ಎನ್ವ್ -ಐ ಹೋಮ್="$ಹೋಮ್" ಪಾತ್=/ಯುಎಸ್‌ಆರ್/ಬಿನ್:/ಬಿನ್ /ಬಿನ್/ಎಸ್‌ಎಚ್ "$ಹೋಮ್/ಬಿನ್/ಮಳೆ"

ಕ್ರಾನ್‌ಟ್ಯಾಬ್‌ನಲ್ಲಿ ಪಾತ್ ಬರೆದಿದ್ದರೆ ಇಲ್ಲೂ ಆ ಪಾತನ್ನೇ ಕೊಡಿ. ಇದರಲ್ಲಿ ಅಂಕಿ ಬಂದರೆ ಕ್ರಾನ್‌ನಲ್ಲೂ ಬರುತ್ತದೆ.

ಲಿನಕ್ಸ್‌ನಲ್ಲಿ ಹಿನ್ನೆಲೆ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿಯ ಸರ್ವಿಸ್ ಆಗಿ ಓಡಿಸುವವರಿಗೂ ಇದೇ ಮಾತು. ಸರ್ವಿಸ್ ಫೈಲ್ ಒಳಗೆ ಎನ್ವಿರಾನ್‌ಮೆಂಟ್ (ಇಲ್ಲಿ ಮೊದಲ ಅಕ್ಷರ ದೊಡ್ಡದು) ಸಾಲಿನಲ್ಲಿ ಪಾತ್ ಬರೆಯಿರಿ. ನಿಮ್ಮ ಎಲ್ಲ ಯೂಸರ್ ಸರ್ವಿಸ್‌ಗಳಿಗೂ ಒಟ್ಟಿಗೆ ಬೇಕಿದ್ದರೆ .ಕಾನ್ಫಿಗ್/ಎನ್ವಿರಾನ್‌ಮೆಂಟ್.ಡಿ ಒಳಗೆ .ಕಾನ್ಫ್ ಎಂದು ಮುಗಿಯುವ ಒಂದು ಫೈಲ್ ಇಡಬಹುದು.

ಇಡೀ ಮಶೀನಿಗೆ

ಕಾಲೇಜ್ ಲ್ಯಾಬ್‌ನಂತಹ ಕಡೆ, ಎಲ್ಲಾ ಯೂಸರ್‌ಗಳಿಗೂ ಒಂದೇ ಫೋಲ್ಡರ್ ಬೇಕಾದಾಗ, /ಇಟಿಸಿ/ಪ್ರೊಫೈಲ್.ಡಿ ಒಳಗೆ .ಎಸ್‌ಎಚ್ ಫೈಲ್ ಇಡುವುದು ಸರಿ. ಉಬುಂಟುವಿನ /ಇಟಿಸಿ/ಎನ್ವಿರಾನ್‌ಮೆಂಟ್ ಕೂಡ ಇದೆ, ಆದರೆ ಅದು ಸ್ಕ್ರಿಪ್ಟ್ ಅಲ್ಲ. ಅಲ್ಲಿ $ಪಾತ್ ಅಂತ ಬರೆದು ಹಳೆಯದಕ್ಕೆ ಸೇರಿಸಲು ಹೋದರೆ ಪಾತ್ ಕೆಟ್ಟು ಕೂರುತ್ತದೆ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಈ ಎರಡನ್ನೂ ಮುಟ್ಟುವ ಅಗತ್ಯ ನನಗೆ ಕಂಡಿಲ್ಲ.

ಪಾತ್ ಮುಟ್ಟದೇ ಇರುವುದು

ಇದು ಜನ ಯೋಚಿಸದೇ ಬಿಡುವ ಆಯ್ಕೆ. ಎಲ್ಲೋ ಒಂದು ಫೋಲ್ಡರ್‌ಗೆ ಒಂದು ಟೂಲ್ ಬಿಚ್ಚಿ ಇಟ್ಟಿದ್ದೀರಿ, ಅದರಲ್ಲಿ ಓಡಿಸಬೇಕಾದ ಫೈಲ್ ಒಂದೇ ಇದೆ. ಅದಕ್ಕಾಗಿ ಇಡೀ ಫೋಲ್ಡರನ್ನು ಪಾತ್‌ಗೆ ಯಾಕೆ ಸೇರಿಸಬೇಕು? ಎಲ್‌ಎನ್ -ಎಸ್ ಕಮಾಂಡ್‌ನಿಂದ .ಲೋಕಲ್/ಬಿನ್ ಒಳಗೆ ಅದಕ್ಕೊಂದು ಲಿಂಕ್ ಹಾಕಿ. ಪಾತ್‌ನಲ್ಲಿ ನಿಮ್ಮದು ಅಂತ ಒಂದೇ ಫೋಲ್ಡರ್ ಇರುತ್ತದೆ, ಅದರೊಳಗೆ ಎಲ್‌ಎಸ್ ಕೊಟ್ಟರೆ ನೀವು ಹಾಕಿದ್ದೆಲ್ಲ ಒಂದೇ ನೋಟಕ್ಕೆ ಕಾಣುತ್ತದೆ. ಬೇಡವಾದರೆ ಲಿಂಕ್ ಅಳಿಸಿದರಾಯಿತು. ಕಾರ್ಗೋ, ಗೋ ತರದವು ತಮ್ಮದೇ ಬಿನ್ ಫೋಲ್ಡರಿಗೆ ಹೊಸ ಹೊಸ ಕಮಾಂಡ್ ಸೇರಿಸುತ್ತಲೇ ಇರುತ್ತವೆ. ಅವಕ್ಕೆ ಮಾತ್ರ ಪಾತ್‌ನಲ್ಲಿ ಜಾಗ ಕೊಡಿ.

ಒಂದು ಪ್ರಾಜೆಕ್ಟ್‌ಗೆ ಮಾತ್ರ ಬೇಕಾದ ಟೂಲ್ ಆದರೆ ಡೈರ್‌ಎನ್ವ್ ಒಳ್ಳೆಯದು. ಆ ಫೋಲ್ಡರಿಗೆ ಹೋದಾಗ ಪಾತ್ ಬದಲಾಗುತ್ತದೆ, ಹೊರಗೆ ಬಂದರೆ ವಾಪಸ್. ಎರಡು ಪ್ರಾಜೆಕ್ಟ್‌ಗೆ ಎರಡು ನೋಡ್ ಆವೃತ್ತಿ ಬೇಕಿರುವವರಿಗೆ ಬಹಳ ಉಪಯೋಗ.

ಮುಂದೆಯಾ, ಹಿಂದೆಯಾ?

ಹೊಸ ಫೋಲ್ಡರನ್ನು ಪಾತ್‌ನ ಮುಂದೆ ಇಟ್ಟರೆ ನಿಮ್ಮ ಕಮಾಂಡ್ ಗೆಲ್ಲುತ್ತದೆ. ಹಿಂದೆ ಇಟ್ಟರೆ ಸಿಸ್ಟಮ್‌ನದ್ದು. ಹೊಸ ಪೈಥಾನ್ ಮುಂದೆ ಬಂದರೆ, ಮೊದಲ ಸಾಲಿನಲ್ಲಿ ಎನ್ವ್ ಪೈಥಾನ್3 ಅಂತ ಇರುವ ಎಲ್ಲ ಸ್ಕ್ರಿಪ್ಟ್‌ಗಳೂ ಅದನ್ನೇ ಹಿಡಿಯುತ್ತವೆ, ಹಳೆಯ ಲೈಬ್ರರಿಗಳು ಅಲ್ಲಿ ಇಲ್ಲದೆ ನಿಂತುಹೋಗಬಹುದು. ಸಿಸ್ಟಮ್‌ನಲ್ಲಿರುವ ಹೆಸರನ್ನೇ ಬೇಕಂತಲೇ ಮರೆಮಾಡುವ ಉದ್ದೇಶ ಇದ್ದರೆ ಮುಂದೆ ಇಡಿ. ಇಲ್ಲದಿದ್ದರೆ ಹಿಂದೆ ಇರಲಿ.

ಪಾತ್‌ನಲ್ಲಿ ಬರೀ ಚುಕ್ಕಿ ಬೇಡವೇ ಬೇಡ. ಚುಕ್ಕಿ ಅಂದರೆ ನೀವು ಈಗ ನಿಂತಿರುವ ಫೋಲ್ಡರ್. ಎಲ್ಲಿಂದಲೋ ಇಳಿಸಿಕೊಂಡ ಫೋಲ್ಡರ್ ಒಳಗೆ ಎಲ್‌ಎಸ್ ಅನ್ನುವ ಹೆಸರಿನ ಕೆಟ್ಟ ಫೈಲ್ ಇದ್ದರೆ ಅದೇ ಓಡಬಹುದು. ಚುಕ್ಕಿ ಬರೆಯದೇ ಇದ್ದರೂ ಇದು ಒಳಗೆ ನುಸುಳುತ್ತದೆ. ಶುರುವಿನಲ್ಲಿ ಒಂದು ಕೋಲನ್, ಕೊನೆಯಲ್ಲಿ ಒಂದು ಕೋಲನ್, ಅಥವಾ ಮಧ್ಯೆ ಎರಡು ಕೋಲನ್ ಒಟ್ಟಿಗೆ ಬಂದರೆ ಆ ಖಾಲಿ ಜಾಗಕ್ಕೂ ಅರ್ಥ ಈಗಿನ ಫೋಲ್ಡರ್ ಅಂತಲೇ. ಇಲ್ಲದ ವೇರಿಯೇಬಲ್ ಒಂದನ್ನು ಪಾತ್ ಸಾಲಿನಲ್ಲಿ ಬಳಸಿದಾಗ ಹೀಗಾಗುವುದು ಜಾಸ್ತಿ.

ಅಡ್ಮಿನ್ ಅಧಿಕಾರದಲ್ಲಿ ಓಡಿಸಲು ಸುಡೋ ಹಾಕಿದರೆ ನಿಮ್ಮ ಕಮಾಂಡ್ ಸಿಗದೇ ಹೋಗುವುದು ತಪ್ಪಲ್ಲ, ರಕ್ಷಣೆ. ಡೆಬಿಯನ್, ಉಬುಂಟುವಿನಲ್ಲಿ ಸುಡೋಗೆ ಸೆಕ್ಯೂರ್_ಪಾತ್ ಅನ್ನುವ ತನ್ನದೇ ಪಟ್ಟಿ ಇದೆ. ಅದಕ್ಕೆ ನಿಮ್ಮ ಹೋಮ್ ಫೋಲ್ಡರ್ ಸೇರಿಸಬೇಡಿ. ಅಪರೂಪಕ್ಕೆ ಬೇಕಾದರೆ ಪೂರ್ತಿ ವಿಳಾಸ ಕೊಟ್ಟು ಓಡಿಸಿ.

ನೋಡುವುದು, ಕೆಟ್ಟರೆ ಸರಿಮಾಡುವುದು

ಯಾವ ಕಮಾಂಡ್ ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಟೈಪ್ -ಎ ಬಳಸಿ. ಟೈಪ್ -ಎ ಪೈಥಾನ್3 ಅಂದರೆ ಪಾತ್‌ನಲ್ಲಿರುವ ಎಲ್ಲ ಪೈಥಾನ್3ಗಳನ್ನೂ ಸಿಗುವ ಕ್ರಮದಲ್ಲೇ ತೋರಿಸುತ್ತದೆ. ಏಲಿಯಾಸ್ ಇದ್ದರೆ ಅದೂ ಕಾಣುತ್ತದೆ. ಒಂದು ಪ್ರೋಗ್ರಾಂ ಜಾಗ ಬದಲಾಯಿಸಿದ ಮೇಲೂ ಬ್ಯಾಶ್ ಹಳೆಯ ವಿಳಾಸಕ್ಕೇ ಹೋಗಿ ಫೈಲ್ ಇಲ್ಲ ಅಂದರೆ, ಅದು ಹಿಂದೆ ನೆನಪಿಟ್ಟುಕೊಂಡದ್ದು. ಹ್ಯಾಶ್ -ಆರ್ ಕೊಟ್ಟರೆ ಮರೆತು ಹೊಸದಾಗಿ ಹುಡುಕುತ್ತದೆ.

.ಪ್ರೊಫೈಲ್ ತಿದ್ದಿದ ಮೇಲೆ ತೆರೆದಿರುವ ಟರ್ಮಿನಲ್ ಮುಚ್ಚುವ ಮೊದಲು ಇನ್ನೊಂದು ಕಡೆಯಿಂದ ಲಾಗಿನ್ ಆಗಿ ನೋಡಿ. ಪಾತ್ ಪೂರ್ತಿ ಕೆಟ್ಟರೆ ಎಲ್‌ಎಸ್, ನ್ಯಾನೊ ಯಾವುದೂ ಸಿಗುವುದಿಲ್ಲ. ಗಾಬರಿ ಬೇಡ, ಪ್ರೋಗ್ರಾಂಗಳು ಅಲ್ಲೇ ಇವೆ. ಆ ಟರ್ಮಿನಲ್‌ನಲ್ಲೇ ಪಾತ್=/ಯುಎಸ್‌ಆರ್/ಬಿನ್:/ಬಿನ್ ಅಂತ ಒಂದು ಸಾಲು ಕೊಟ್ಟರೆ ಎಲ್ಲ ವಾಪಸ್ ಬರುತ್ತವೆ, ಫೈಲ್ ತೆರೆದು ತಿದ್ದಬಹುದು. ಮಶೀನ್ ದೂರದ ತೋಟದಲ್ಲಿದ್ದು, ಮಳೆಯಲ್ಲಿ ಅಲ್ಲಿಯವರೆಗೆ ಹೋಗುವ ಹಾಗಿಲ್ಲ, .ಪ್ರೊಫೈಲ್‌ನ ತಪ್ಪಿನಿಂದ ಎಸ್‌ಎಸ್‌ಎಚ್ ಲಾಗಿನ್ ಕೂಡ ಒಳಗೆ ಬಿಡುತ್ತಿಲ್ಲ ಅಂದಾಗ, ಆ ಫೈಲ್‌ಗಳನ್ನು ಓದದೇ ಇರುವ ಶೆಲ್ ಕೇಳಿ ಒಳಗೆ ಹೋಗಿ:

ಎಸ್‌ಎಸ್‌ಎಚ್ -ಟಿ ಮಶೀನ್ /ಬಿನ್/ಬ್ಯಾಶ್ --ನೋಪ್ರೊಫೈಲ್ --ನೋಆರ್‌ಸಿ

ಮಶೀನ್ ಅನ್ನುವ ಕಡೆ ನಿಮ್ಮ ಪೈನ ವಿಳಾಸ ಹಾಕಿ. ಒಳಗೆ ಹೋದ ಮೇಲೆ ಮೊದಲು .ಪ್ರೊಫೈಲ್‌ನ ಹೆಸರು ಬದಲಾಯಿಸಿ ಪಕ್ಕಕ್ಕೆ ಇಡಿ, ಇನ್ನೊಂದು ಟರ್ಮಿನಲ್‌ನಿಂದ ಮಾಮೂಲಿ ಲಾಗಿನ್ ಆಗುತ್ತದಾ ನೋಡಿ. ಆದಮೇಲೆ ಪಕ್ಕಕ್ಕೆ ಇಟ್ಟ ಫೈಲನ್ನು ನಿಧಾನವಾಗಿ ತಿದ್ದಿಕೊಳ್ಳಿ.